ಬಿಚ್ಚಿಕೊಳ್ಳಬೇಕಾದ ಹೊಲಿಗೆ

ಪರ್ಕಳದ ರಾಹಿಲಾ ಹೊಲಿದ ಸೀಟ್ ಕವರ್ ಹರಿದದ್ದನ್ನು ಯಾರೂ ಕಂಡಿರಲಿಲ್ಲ. ಹದಿನಾರು ವರ್ಷಗಳಿಂದ ಆಕೆ ಮನೆಯ ಮುಂದಿನ ಕೋಣೆಯಲ್ಲಿ ಕೂತು, ತಮ್ಮ ರಾಝಿಕ್‌ನ ಮಣಿಪಾಲದ ಅಂಗಡಿಗೆ ಕಾರಿನ ಕವರ್ ಹೊಲಿದುಕೊಡುತ್ತಿದ್ದಳು. ಎರಡೆಳೆ ನೈಲಾನ್ ದಾರ, ಮೂಲೆಗೆ ಮೂರು ಸುತ್ತು.

ಶಿರ್ವದ ನರ್ಸ್ ಗ್ಲ್ಯಾಡಿಸ್ ಹೊಸ ಕಾರು ತಂದ ದಿನ, ಅಳತೆ ತೆಗೆಯುತ್ತಿದ್ದ ರಾಹಿಲಾಳ ಬೆರಳಿಗೆ ಸೀಟಿನ ಬದಿಯಲ್ಲಿ ಪುಟ್ಟ ಚೀಟಿಯೊಂದು ತಾಗಿತು. ಅದರಲ್ಲಿ ‘ಏರ್‌ಬ್ಯಾಗ್’ ಎಂದಿತ್ತು.

“ಅದು ಸ್ಟೇರಿಂಗಿನಲ್ಲಿ ಅಲ್ವಾ ಇರುವುದು?”

“ಇದರಲ್ಲಿ ಸೀಟಿನ ಒಳಗೂ ಉಂಟು,” ಎಂದಳು ಗ್ಲ್ಯಾಡಿಸ್. “ಬದಿಯಿಂದ ಗಾಡಿ ಬಂದು ಹೊಡೆದರೆ ಹೊರಗೆ ಉಬ್ಬಿ ಪಕ್ಕೆಲುಬು ಉಳಿಸುತ್ತದಂತೆ.”

“ನನ್ನ ಕವರಿನ ಒಳಗಿಂದ ಅದು ಹೇಗೆ ಬರುವುದು?”

ರಾಹಿಲಾ ಆ ಕವರಿನ ಬದಿಯನ್ನು ಹೊಲಿಯದೆ ತೆರೆದೇ ಬಿಟ್ಟಳು. ಅಂಥ ಕಾರುಗಳಿಗೆ ಮೊದಲು ಹೊಲಿದ ಕವರುಗಳನ್ನೂ ತರಿಸಿ ಬದಿ ಬಿಚ್ಚಿದಳು.

“ಹೀಗೆ ಬಾಯಿ ತೆರೆದಿಟ್ಟರೆ ಗಿರಾಕಿ ಬರುವುದಿಲ್ಲ ಮಾರಾಯ್ತಿ,” ಎಂದು ರಾಝಿಕ್ ಗೊಣಗಿದ.

“ಬಾರದಿದ್ದರೆ ಬೇಡ. ಮುಚ್ಚಿ ಹೊಲಿಯುವುದು ನನ್ನಿಂದ ಆಗುವುದಿಲ್ಲ.”

ಗಿರಾಕಿಗಳು ಕಡಿಮೆಯಾದದ್ದು ನಿಜ. ಆದರೆ ತೆರೆದ ಬದಿಯನ್ನು ಕಂಡು ಕಾರಣ ಕೇಳಿದವಳೊಬ್ಬಳು ದೀಕ್ಷಿತಾ. ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾಹನ ಸುರಕ್ಷತೆ ಕಲಿಸುವವಳು. ದಿನವೂ ಗಟ್ಟಿಯಾಗಿ ನಿಂತು, ಏರ್‌ಬ್ಯಾಗಿನ ಚೀಲ ಒಳಗಿಂದ ಗುದ್ದಿದ ಕ್ಷಣದಲ್ಲಿ ಮಾತ್ರ ಬಿಟ್ಟುಕೊಡುವ ಹೊಲಿಗೆಯೂ ಇದೆ ಎಂದು ಅವಳೇ ಹೇಳಿದ್ದು. “ನೀವು ಹೊಲಿದು ತನ್ನಿ, ಲ್ಯಾಬಿನಲ್ಲಿ ಹಳೆಯ ಸೀಟುಗಳ ಮೇಲೆ ಪರೀಕ್ಷೆ ಮಾಡುವ.”

ಗಟ್ಟಿ ಹೊಲಿಗೆಗೆ ಪಳಗಿದ ಕೈಗೆ ಸಡಿಲ ಹೊಲಿಗೆ ಬೇಗ ಬರಲಿಲ್ಲ. ನಾಲ್ಕು ತಿಂಗಳು ರಾಹಿಲಾ ತೆಳು ದಾರ, ಉದ್ದ ಹೊಲಿಗೆ ಹಿಡಿದು ಹೆಣಗಿದಳು. ಮೊದಲ ಪರೀಕ್ಷೆಯಲ್ಲಿ ಹೊಲಿಗೆ ಬಿಡದೆ ಚೀಲ ಹಿಂದಕ್ಕೆ ನುಗ್ಗಿತು. ಎರಡನೆಯದರಲ್ಲಿ ಅರ್ಧ ತೆರೆದು ಮೂಲೆಯಲ್ಲಿ ಸಿಕ್ಕಿಬಿತ್ತು. ಅಲ್ಲಿ ಆಕೆಯ ಕೈ ತನಗೆ ತಿಳಿಯದೆಯೇ ಮೂರು ಸುತ್ತು ಹಾಕಿಬಿಟ್ಟಿತ್ತು. ಮೂರನೆಯ ಸಲ ಪಟಾಕಿಯಂಥ ಸದ್ದು. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಚೀಲ ಪೂರ್ತಿ ಹೊರಗಿತ್ತು. ಅದೇ ದಾರ, ಅದೇ ಅಳತೆಯಲ್ಲಿ ಹೊಲಿದ ಇನ್ನೂ ಐದು ಕವರುಗಳು ಹಾಗೆಯೇ ತೆರೆದುಕೊಂಡವು. ದೀಕ್ಷಿತಾ ನಿಧಾನಗತಿಯ ವಿಡಿಯೊ ತೋರಿಸಿದಳು. ರಾಹಿಲಾ ಇನ್ನೊಮ್ಮೆ ಹಾಕಲು ಹೇಳಿದಳು, ಮತ್ತೂ ಒಮ್ಮೆ.

ಗ್ಲ್ಯಾಡಿಸ್‌ಗೆ ಹೊಸ ಕವರ್ ಹೊಲಿದುಕೊಟ್ಟ ಮರುವರ್ಷ, ಕಾರ್ಕಳದ ತಿರುವೊಂದರಲ್ಲಿ ಜೀಪೊಂದು ಅವಳ ಕಾರಿನ ಬಲಬಾಗಿಲಿಗೆ ಗುದ್ದಿತು. ಬಾಗಿಲು ಒಳಕ್ಕೆ ಬಾಗಿತು. ಭುಜ ನೀಲಿಗಟ್ಟಿದ್ದು ಬಿಟ್ಟರೆ ಗ್ಲ್ಯಾಡಿಸ್‌ಗೆ ಏನೂ ಆಗಲಿಲ್ಲ. ವಾರ ಕಳೆದು ಆ ಕವರ್ ಹಿಡಿದು ಪರ್ಕಳಕ್ಕೆ ಬಂದಳು.

“ನಿಮ್ಮ ಹೊಲಿಗೆ ಹರಿಯಿತು ರಾಹಿಲಾ.”

ರಾಹಿಲಾ ಬೆರಳಾಡಿಸಿ ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಹೊಲಿಗೆ ಒಂದೇ ಸಮನೆ ಬಿಚ್ಚಿಕೊಂಡಿತ್ತು, ಎಲ್ಲೂ ಸಿಕ್ಕಿರಲಿಲ್ಲ. ಗ್ಲ್ಯಾಡಿಸ್‌ಳ ಕೈ ಹಿಡಿದು ಕೂತಳು.

ಈಗ ಆ ಕವರ್ ರಾಝಿಕ್‌ನ ಅಂಗಡಿಯ ಎದುರುಗೋಡೆಯಲ್ಲಿದೆ. ಹೊಸ ಕವರುಗಳ ನಡುವೆ ಹರಿದದ್ದನ್ನು ಎಂತಕ್ಕೆ ತೂಗುಹಾಕಿದ್ದೀರಿ ಎಂದು ಗಿರಾಕಿಗಳು ಕೇಳುತ್ತಾರೆ. ರಾಝಿಕ್ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು ಬರುತ್ತಾನೆ.

“ಅದು ನನ್ನ ಅಕ್ಕ ಹೊಲಿದದ್ದು. ಕೂತುಕೊಳ್ಳಿ, ಹೇಳುತ್ತೇನೆ.”