ಭಾರ ಯಾವ ಕಾಲಿನ ಮೇಲೆ

ಹೆಂಡತಿ ಸತ್ತು ಎಂಟು ತಿಂಗಳಾದ ಮೇಲೆ ನಾನು ಅವಳ ಫೋಟೊ ಹಿಡಿದುಕೊಂಡು ತಮಿಳುನಾಡಿನ ಸ್ವಾಮಿಮಲೆಗೆ ಹೋದೆ, ಅವಳದೊಂದು ಕಂಚಿನ ವಿಗ್ರಹ ಮಾಡಿಸಲು. ಭಾಗಮಂಡಲದಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ, ಇದ್ದಾಗ ಒಂದು ಸೀರೆ ನೋಡಿ ತಂದವನಲ್ಲ, ಈಗ ಕಂಚಿನಲ್ಲಿ ಮಾಡಿಸ್ತಾನಂತೆ ಎಂದು ನಗುತ್ತಿದ್ದರು. ನಗುವುದರಲ್ಲಿ ತಪ್ಪೇನೂ ಇರುತ್ತಿರಲಿಲ್ಲ.

ನನ್ನದು ಜೇನಿನ ಕೆಲಸ. ಸ್ವಂತದ ಪೆಟ್ಟಿಗೆಗಳ ಜೊತೆಗೆ ಸುತ್ತಲಿನವರ ಜೇನುಗೂಡಿನ ಹಳೆಯ ಎರಿಗಳನ್ನೂ ತಂದು, ಕರಗಿಸಿ, ಸೋಸಿ, ಮೇಣದ ಗಟ್ಟಿ ಮಾಡಿ ಕಳಿಸುತ್ತೇನೆ. ಅದರಲ್ಲಿ ಹೆಚ್ಚಿನದು ಹೋಗುವುದು ಸ್ವಾಮಿಮಲೆಯ ಒಬ್ಬ ಶಿಲ್ಪಿಗೆ. ಅವರು ವಿಗ್ರಹವನ್ನು ಮೊದಲು ಮೇಣದಲ್ಲಿ ಮಾಡುತ್ತಾರೆ. ಅದರ ಮೇಲೆ ಹೊಳೆಯ ಮಣ್ಣು ಮೆತ್ತಿ, ಒಣಗಿಸಿ, ಬೆಂಕಿಗಿಟ್ಟರೆ ಮೇಣವೆಲ್ಲ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ಇಷ್ಟು ವರ್ಷ ಮೇಣ ಕಳಿಸಿದರೂ ನಾನು ಒಮ್ಮೆಯೂ ಹೋಗಿ ನೋಡಿದವನಲ್ಲ.

“ನಮ್ಮ ಮೇಣ ಎಂಥ ಆಗ್ತದೆ ಅಂತ ಒಂದ್ಸಲ ನೋಡಿಕೊಂಡು ಬರುವ” ಎಂದು ಅವಳು ಹೇಳುತ್ತಿದ್ದಳು.

“ಮಳೆ ಬಿಡ್ಲಿ” ಎನ್ನುತ್ತಿದ್ದೆ. ನಮ್ಮೂರಲ್ಲಿ ಅದು ‘ಆಗುವುದಿಲ್ಲ’ ಎನ್ನುವುದರ ಮರ್ಯಾದೆಯ ಮಾತು.

ಅವಳು ಹೋದ ಮೇಲೆ ಮನೆಯಲ್ಲಿ ಸದ್ದು ಮಾಡುವವನು ನಾನೊಬ್ಬನೇ. ಅನ್ನ ನಾನೇ ಬೇಯಿಸಿ, ಉಪ್ಪು ಹೆಚ್ಚಾದರೆ ನಾನೇ ಬೈದುಕೊಳ್ಳುವುದು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಅವಳ ಮುಖ ನೆನೆಸಿಕೊಂಡರೆ ಸರಿಯಾಗಿ ಬರಲೇ ಇಲ್ಲ. ಮೂಗು ಬಂದರೆ ಕಣ್ಣು ಬರುವುದಿಲ್ಲ. ಹೆದರಿಬಿಟ್ಟೆ. ಎರಡನೇ ಸಲ ಕಳೆದುಕೊಳ್ಳುತ್ತಿದ್ದೇನೆ ಅನ್ನಿಸಿತು. ವಿಗ್ರಹದ ಯೋಚನೆ ಬಂದದ್ದು ಆಗ. ನಿಜ ಹೇಳಬೇಕೆಂದರೆ ನನಗೆ ವಿಗ್ರಹ ಬೇಕಿರಲಿಲ್ಲ, ಮನೆಯಲ್ಲಿ ಯಾರಾದರೂ ನಿಂತಿರಬೇಕಿತ್ತು.

ಭಾಗಮಂಡಲ ಎಂದೊಡನೆ ಶಿಲ್ಪಿ ಎದ್ದು ಕೈ ಮುಗಿದರು. ನನಗಲ್ಲ, ನಮ್ಮ ಕಡೆ ಹುಟ್ಟಿ ಅವರೂರಿಗೆ ಹರಿಯುವ ಕಾವೇರಿಗೆ. ಮೈಸೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದವರು, ಅವರ ಕನ್ನಡಕ್ಕೆ ತಮಿಳು ಅಂಟಿಕೊಂಡೇ ಬರುತ್ತಿತ್ತು. ಅವರ ಪಕ್ಕದಲ್ಲಿ ಒಂದು ಪಾರ್ವತಿ ನಿಂತಿದ್ದಳು, ಆಗಷ್ಟೇ ಉಜ್ಜಿದ್ದು. ಸೊಂಟ ಒಂದು ಕಡೆಗೆ ಸರಿದಿದೆ, ಒಂದು ಮೊಣಕಾಲು ಸಡಿಲವಾಗಿ ಬಾಗಿದೆ, ಒಂದು ಕೈ ಹಸುವಿನ ಬಾಲದ ಹಾಗೆ ಇಳಿಬಿದ್ದಿದೆ. ಅವಸರವೇ ಇಲ್ಲದ ಹೆಣ್ಣು. ಅವಳನ್ನು ನೋಡುತ್ತಾ ಬಂದ ಕೆಲಸವೇ ಮರೆತುಹೋಯಿತು.

ಫೋಟೊ ಕೊಟ್ಟೆ. ಅದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವಳು ಪೊಲೀಸರು ಹಿಡಿದು ತಂದವಳ ಹಾಗೆ ಕಾಣುತ್ತಾಳೆ. ಶಿಲ್ಪಿ ನೋಡಿ ವಾಪಸು ಕೊಟ್ಟರು.

“ಮುಖ ಬೇಡ ಸಾರ್. ನಾವು ಮಾಡೋ ಮುಖ ಯಾರದೂ ಅಲ್ಲ, ಅಳತೆಯದು” ಎಂದು ತೆಂಗಿನ ಗರಿಯ ಒಂದು ಸೀಳು ತೋರಿಸಿದರು. ಅದನ್ನು ಮಡಚಿ ಮಡಚಿಯೇ ತಲೆಯಿಂದ ಪಾದದವರೆಗಿನ ಅಳತೆ ಗುರುತು ಮಾಡುತ್ತಾರೆ. “ಆದರೆ ನಿಲುವು ಅವರದೇ ಮಾಡಬಹುದು. ದೂರದಿಂದ ನೋಡಿದರೆ ಮುಖ ಕಾಣಲ್ಲ, ನಿಂತಿರೋದು ನೋಡಿಯೇ ನಮ್ಮವರು ಅಂತ ಗೊತ್ತಾಗ್ತದಲ್ವಾ? ಅಮ್ಮಾ ಎಪ್ಪಡಿ ನಿಪ್ಪಾಂಗ? ಹೇಗೆ ನಿಲ್ತಾ ಇದ್ರು? ಭಾರ ಯಾವ ಕಾಲಿನ ಮೇಲೆ?”

ನಾನು ತೋರಿಸಲೆಂದು ಎದ್ದು ನಿಂತೆ. ಎಡಗಾಲಿಗೆ ಭಾರ ಹಾಕಿದೆ. ಅಲ್ಲ ಅನ್ನಿಸಿತು. ಬಲಗಾಲಿಗೆ ಹಾಕಿದೆ. ಅದೂ ಅಲ್ಲ ಅನ್ನಿಸಿತು. ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದು ಗೊತ್ತಿಲ್ಲ. ಶಿಲ್ಪಿ ನನ್ನ ಮರ್ಯಾದೆ ಉಳಿಸಲು ತೆಂಗಿನ ಗರಿಯನ್ನೇ ನೋಡುತ್ತಾ ಕೂತರು. “ವಿಚಾರಿಸಿ ಫೋನ್ ಮಾಡಿ ಸಾರ್. ನಿಲುವು ಗೊತ್ತಾಗದೆ ನಾನು ಮೇಣ ಮುಟ್ಟಲ್ಲ” ಎಂದರು.

ಬಸ್ಸಿನಲ್ಲಿ ಬರುವಾಗ ಪೂರ್ತಿ ಅದೇ ಯೋಚನೆ. ಅವಳ ಕೆಮ್ಮು ನೆನಪಿದೆ, ತಟ್ಟೆ ಇಡುವ ಕೈ ನೆನಪಿದೆ. ಪೆಟ್ಟಿಗೆಯ ಬಾಗಿಲಲ್ಲಿ ನೊಣ ಕೂತ ರೀತಿ ನೋಡಿ ಕುಟುಂಬ ಹಾರಿಹೋಗಲು ಹೊರಟಿದೆಯೇ ಎಂದು ಹೇಳಬಲ್ಲೆ. ಈ ಹೆಂಗಸು ಎದುರಿಗೆ ನಿಂತಾಗ ಮಾತ್ರ ನಾನು ಬೇರೆಲ್ಲೋ ನೋಡುತ್ತಿದ್ದೆ. ನನ್ನ ಮೇಲೆ ಸಿಟ್ಟು ಬಂತು. ನೋಡು ಎಂದು ಒಮ್ಮೆಯಾದರೂ ಗದರಿಸಬಾರದಿತ್ತೇ ಎಂದು ಅವಳ ಮೇಲೂ ಬಂತು.

ಮರುವಾರ ಒಂದು ಬಾಟಲಿ ಜೇನಿನ ನೆಪ ಮಾಡಿಕೊಂಡು ಚೆಟ್ಟಳ್ಳಿಗೆ ಹೋದೆ. ಅವಳ ತಂಗಿ ಅಲ್ಲಿಯ ಎಸ್ಟೇಟಿನಲ್ಲಿದ್ದಾಳೆ, ಗಂಡ ಅಲ್ಲೇ ಲೆಕ್ಕ ಬರೆಯುವ ರೈಟರು. ಕಣದಲ್ಲಿ ಕಾಫಿ ಹರವುತ್ತಿದ್ದಳು. ಸುತ್ತುಬಳಸಿ ಕೇಳಿದೆ.

“ಎಂಥ ಭಾವ, ನಿಮ್ಗೆ ಅದೂ ಗೊತ್ತಿಲ್ಲೆಯಾ?” ಎಂದು ನಕ್ಕು, ಕೈಯಲ್ಲಿದ್ದ ಕಾಫಿ ಹರವುವ ಹಲಗೆಯನ್ನು ಕೆಳಗಿಟ್ಟಳು. “ಅಕ್ಕ ನಿಲ್ತಿದ್ದದ್ದೇ ಹಿಂಗೆ.”

ಭಾರವೆಲ್ಲ ಎಡಗಾಲಿನ ಮೇಲೆ. ಬಲ ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ. ಬಲಗೈ ಏನನ್ನೋ ಹಿಡಿದ ಹಾಗೆ ಗಾಳಿಯಲ್ಲಿ. ಆ ಒಂದು ಗಳಿಗೆ ಕಣದ ನಡುವೆ ನನ್ನ ಹೆಂಡತಿ ನಿಂತಿದ್ದಳು. ನನಗೆ ಅಳು ಬಂತು, ಬಿಸಿಲಿಗೆ ಎಂದು ಕಣ್ಣು ಒರೆಸಿಕೊಂಡೆ.

“ಬಲ ಹಿಮ್ಮಡಿ ನೋವಲ್ವಾ ಭಾವ, ಎಷ್ಟು ವರ್ಷದಿಂದ. ಊರೋಕೆ ಆಗ್ತಿರಲಿಲ್ಲ.”

“ಮತ್ತೆ ಆ ಕೈ?”

“ಗೇಟಿನ ಕಂಬ ಹಿಡ್ಕೊಂಡು ನಿಲ್ತಿದ್ಳಲ್ಲ. ನಿಮ್ಮನ್ನು ಕಾದು. ನಾನು ಬಂದಾಗೆಲ್ಲ ನೋಡಿದ್ದೇನೆ, ಸಂಜೆ ಬಸ್ಸಿನ ಹೊತ್ತಾದ್ರೆ ಎಲ್ಲ ಬಿಟ್ಟು ಗೇಟಿಗೆ ಹೋಗ್ತಿದ್ಳು.”

ನಾನು ಎಂದೂ ಗೇಟಿನಿಂದ ಬಂದವನಲ್ಲ. ಮೊದಲ ತಿರುವಿನಲ್ಲೇ ಬಸ್ಸಿಳಿದು, ತೋಟದ ಒಳದಾರಿಯಲ್ಲಿ ಹಿಂದಿನ ಶೆಡ್ಡಿಗೆ ಬಂದು, ಎರಿಯ ಚೀಲ ಇಳಿಸಿ, ಕೈ ತೊಳೆದು ‘ಕಾಫಿ’ ಎಂದು ಕೂಗುತ್ತಿದ್ದೆ. ಅವಳು ಮುಂದಿನಿಂದ ಮೆಲ್ಲಗೆ ಬರುತ್ತಿದ್ದಳು. ರಸ್ತೆಯಲ್ಲಿ ಯಾರ ಹತ್ತಿರವೋ ಪಟ್ಟಾಂಗ ಹೊಡೆಯುತ್ತಿದ್ದಳು ಎಂದುಕೊಂಡು ಎಷ್ಟೋ ಸಲ ಗೊಣಗಿದ್ದೂ ಉಂಟು.

“ನಾನು ಹಿಂದಿನಿಂದ ಬರುವುದು ಅವಳಿಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು. ನಾನೂ ಕೇಳಿದ್ದೆ, ಎಂಥಕ್ಕೆ ಸುಮ್ನೆ ನಿಲ್ತಿ ಅಂತ.” ಅವಳು ಹಲಗೆ ಎತ್ತಿಕೊಂಡಳು. “ಒಂದು ದಿನ ಅವ್ರು ಈ ಕಡೆಯಿಂದ ಬಂದ್ರೆ, ಗೇಟಲ್ಲಿ ಯಾರೂ ಇಲ್ಲ ಅಂತ ಆಗ್ಬಾರ್ದಲ್ಲ ಅಂದ್ಳು.”

ಚೆಟ್ಟಳ್ಳಿಯ ಬಸ್ ಸ್ಟ್ಯಾಂಡಿನಿಂದಲೇ ಶಿಲ್ಪಿಗೆ ಫೋನ್ ಮಾಡಿದೆ. ಎಡಗಾಲು ಎಂದೆ. ಬಲಗೈ ಕೇಳಿದರು, ಅದನ್ನೂ ಹೇಳಿದೆ. “ಯಾವ ಕಡೆ ನೋಡ್ತಾ ಇದ್ರು ಸಾರ್?” ಎಂದರು. ರಸ್ತೆ ಕಡೆ ಎಂದೆ.

ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಸಂಜೆಗೆ ಊರು ತಲುಪಿದೆ. ತಿರುವು ಬಂದಾಗ ಕಂಡಕ್ಟರ್ ಅಭ್ಯಾಸಬಲದಿಂದ ಸೀಟಿ ಊದಿದ. ನಾನು ಏಳಲಿಲ್ಲ. ಮನೆಯ ಮುಂದೆ ಇಳಿದು, ಗೇಟಿನತ್ತ ನಡೆದೆ. ಗೇಟಲ್ಲಿ ಯಾರೂ ಇರಲಿಲ್ಲ.