ತೊಂಬತ್ತೇಳನೇ ಪುಟಕ್ಕೆ ಯಾರೂ ಬರಲಿಲ್ಲ

ಇನ್ನೂ ಬೆಳಕು ಹರಿದಿಲ್ಲ. ನಂಜನಗೂಡಿನ ಹಳೆಯ ಗಲ್ಲಿಯೊಂದರ ಆ ಮನೆಯಲ್ಲಿ ಮೊದಲು ಒಲೆ ಏರುವುದು ಕಾಫಿಯಲ್ಲ, ಅಂಟು. ಮಂಗಳಮ್ಮ ಮೈದಾಹಿಟ್ಟನ್ನು ನೀರಿಗೆ ಕದಡಿ, ಹುಳ ಹಿಡಿಯದಿರಲೆಂದು ಚಿಟಿಕೆ ವಿಷದ ಮೈಲುತುತ್ತ ಹಾಕಿ, ಗಂಟು ಕಟ್ಟದಂತೆ ಕೈಬಿಡದೆ ತಿರುವುತ್ತಿದ್ದಾರೆ. ಪಕ್ಕದಲ್ಲಿ ಕಾಫಿಯ ನೀರು ಇಡುತ್ತಾ ನನ್ನ ಮುಖ ನೋಡಿ ನಗುತ್ತಾರೆ. "ಗಾಬರಿ ಬೀಳ್ಬೇಡ ಕಣವ್ವ, ಎರಡಕ್ಕೂ ಪಾತ್ರೆ ಬೇರೆ."

ಅರವತ್ತರ ಹತ್ತಿರದ ಮಂಗಳಮ್ಮ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವವರು. ಈ ಕಸುಬು ಪತಿ ಬಸವಯ್ಯನವರದ್ದು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದ ಮೇಲೆ ದಬ್ಬಣ ಹೆಂಡತಿಯ ಕೈಗೆ ಬಂದಿದೆ. ಬೆಳಕು, ನೆರಳು ಬಿಟ್ಟರೆ ಬಸವಯ್ಯನವರಿಗೆ ಈಗ ಏನೂ ಕಾಣುವುದಿಲ್ಲ. ಆದರೂ ಕಟ್ಟಿದ ಪುಸ್ತಕ ಮನೆ ಬಿಡುವ ಮುಂಚೆ ಅವರ ಕೈ ಹಾದೇ ಹೋಗಬೇಕು. ಇವತ್ತು ಹೋಗಬೇಕಾದದ್ದು ಎರಡು ಪುಸ್ತಕ. ಬಾಗಿಲ ಬಳಿಯ ಮಂಚದ ಮೇಲೆ ಕುಳಿತು ಒಂದರ ಬೆನ್ನಿನ ಮೇಲೆ ಹೆಬ್ಬೆರಳು ಎಳೆಯುತ್ತಾರೆ.

"ಹೊಲ್ಗೆ ನಿಂದು. ರಟ್ಟು ನಂದಿದ್ದಂಗದೆ. ಯಾವ್ದಮ್ಮಿ ಇದು?"

"ಹೊಸ ಗಿರಾಕಿದು. ಮೂಲೇಲಿದ್ದ ಹಳೇ ರಟ್ಟು ಹಾಕ್ದೆ. ನಿಮ್ಗ್ಯಾಕೆ, ಕೊಡಿ ಇಲ್ಲಿ."

ಬಸವಯ್ಯ ಕೊಡುತ್ತಾರೆ. ಆಮೇಲೆ ನಾನು ಕುಳಿತಿದ್ದೇನೆ ಎಂದುಕೊಂಡ ಕಡೆಗೆ ತಿರುಗಿ, "ನಲ್ವತ್ತು ವರ್ಸ ಕಟ್ಟಿವ್ನಿ ಮೇಡಂ. ಹೊಲ್ಗೆ ಬುಡ್ತು, ಪುಟ ತಿರುಗ್ಮುರುಗಾಯ್ತು ಅಂತ ಒಂದೇ ಒಂದು ಪುಸ್ತಕ ವಾಪಸ್ ಬಂದಿಲ್ಲ. ಒಬ್ರೂ ಈ ಬಾಗ್ಲು ಬಡ್ದಿಲ್ಲ. ಇದ್ನ ಬರ್ಕೊಳಿ" ಎನ್ನುತ್ತಾರೆ. ಮಂಗಳಮ್ಮ ಎರಡೂ ಪುಸ್ತಕಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಅದರ ಬಾಯಿ ಬಿಗಿಯುತ್ತಾರೆ.

ಪತ್ರಿಕೆಗೆ ಬರೆಯುವ ನನಗೆ ಈ ಮನೆ ಗೊತ್ತಾದದ್ದು ನನ್ನ ಮಗಳ ಪಠ್ಯಪುಸ್ತಕದಿಂದ. ಶಾಲೆ ಶುರುವಾಗಿ ತಿಂಗಳಿಗೇ ಅದರ ಬೆನ್ನು ಕಿತ್ತು ಬಂದಿತ್ತು. ಹೊಸದು ಕೊಳ್ಳುವ ಬದಲು ಹೊಲಿಸೋಣವೆಂದು ಹುಡುಕಿ ಬಂದೆ. ಪುಸ್ತಕ ವಾಪಸ್ ಕೊಡುವಾಗ ಮಂಗಳಮ್ಮ, "ಇತಿಹಾಸದ ಪಾಠ ಯಾಕವ್ವ ಇಷ್ಟು ಅರ್ಜೆಂಟಲ್ಲಿ ಬರ್ದವ್ರೆ? ಒಬ್ಬ ರಾಜ ಸಿಂಹಾಸನದ ಮೇಲೆ ಕೂರೋದ್ರೊಳ್ಗೆ ಸಾಯ್ತಾನೆ" ಎಂದರು. ಹೊಲಿಯಲು ಕೊಟ್ಟದ್ದನ್ನು ಓದಿದ್ದಾರೆಂದು ಆಗ ತಿಳಿಯಿತು.

ಅವರು ಎಲ್ಲವನ್ನೂ ಓದುತ್ತಾರೆ. ತವರೂರು ಹೆಮ್ಮರಗಾಲದಲ್ಲಿ ಏಳನೇ ಕ್ಲಾಸಿನವರೆಗೆ ಕಲಿತು, ಮದುವೆಯಾಗಿ ಈ ಮನೆಗೆ ಬಂದಾಗ ಗಂಡ ಹಚ್ಚಿದ ಕೆಲಸ ಪುಟ ಜೋಡಿಸುವುದು. ಹಳೆಯ ಪುಸ್ತಕವನ್ನು ಬಿಚ್ಚಿದರೆ ಹದಿನಾರು ಪುಟಗಳ ಕಟ್ಟುಗಳಾಗಿ ಕೈಗೆ ಬರುತ್ತದೆ; ಕಸುಬಿನವರು ಅದನ್ನು ಫಾರಂ ಎನ್ನುತ್ತಾರೆ. ಮೊದಮೊದಲು ಪುಟದ ಅಂಕಿ ಮಾತ್ರ ನೋಡುತ್ತಿದ್ದವರಿಗೆ ಆಮೇಲೆ ಅಕ್ಷರವೂ ಹತ್ತಿಕೊಂಡಿತು. ಆರಿಸಿ ಓದಿದ್ದು ಅಂತ ಒಂದೂ ಇಲ್ಲ. ಹರಿದು ಬಂದದ್ದೇ ಓದು.

"ಕಾಶಿಗೆ ಹೋಗ್ಬಂದೋರೊಬ್ರು ಬರ್ದಿದ್ರು. ದೇವ್ರಿಗೆ ಎರಡು ಪುಟ, ಹೊಟ್ಟೆ ಕೆಟ್ಟಿದ್ದಕ್ಕೆ ಹತ್ತು ಪುಟ. ನಂಗೆ ಅವ್ರು ಬಾಳ ಇಷ್ಟ ಆದ್ರು. ಸುಳ್ಳು ಬರೀಲಿಲ್ವಲ್ಲ" ಎನ್ನುತ್ತಾರೆ. ನಕ್ಷತ್ರಗಳ ಪುಸ್ತಕವೊಂದು ಅವರನ್ನು ಕಂಗೆಡಿಸಿದೆ. "ನಮಗೆ ಕಾಣೋ ಬೆಳ್ಕು ಅಲ್ಲಿಂದ ಹೊರಟಾಗ ನಮ್ಮೂರೇ ಇರ್ನಿಲ್ವಂತೆ. ಓದಿದ್ಮೇಲೆ ತಾರಸಿ ಹತ್ತಕ್ಕೂ ಮನಸ್ಸಾಗ್ನಿಲ್ಲ. ಆಮೇಲೆ ಹತ್ತಿದೆ ಬುಡು, ಮಳೆ ಬಂತು, ಬಟ್ಟೆ ಒಣಗಾಕಿದ್ದೆ." ಪದ್ಯದ ಪುಸ್ತಕಗಳ ಬಗ್ಗೆ ಅವರಿಗೊಂದು ತಕರಾರಿದೆ. "ಸಣ್ಣವು. ದಾರ ಪೋಣಿಸೋದ್ರೊಳ್ಗೆ ಮುಗಿತವೆ. ಆದ್ರೆ ಸೊಪ್ಪು ಸೋಸ್ವಾಗ ಒಂದು ಸಾಲು ಬಂದು ಕೂತ್ಕತದೆ. ಎದ್ದೋಗು ಅಂದ್ರೂ ಹೋಗಾಕಿಲ್ಲ."

ಕೊನೆಯ ಹಾಳೆ ಕಳೆದುಹೋದ ಪತ್ತೇದಾರಿ ಪುಸ್ತಕವೊಂದು ಈ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕೊಂದವನು ಅಡುಗೆಯವನೆಂದು ಮಂಗಳಮ್ಮನ ವಾದ. "ವಕೀಲನೇ ಕಣಮ್ಮಿ" ಎಂದು ಮಂಚದಿಂದ ಬರುತ್ತದೆ ದನಿ. ಗಂಡನಿಗೆ ಎಲ್ಲವನ್ನೂ ಓದಿ ಹೇಳುವವರು ಇವರೇ. ಬೆಳಗಿನ ಪೇಪರೂ ಸೇರಿ.

ಈಗ ಬರುವುದು ಪರೀಕ್ಷೆಯ ಗೈಡುಗಳು, ಜೆರಾಕ್ಸ್ ಕಟ್ಟುಗಳು. "ಅದ್ರಲ್ಲಿ ಓದಕ್ಕೆ ಏನದೆ? ಒಂದು ಪ್ರಶ್ನೆ, ನಾಲ್ಕು ಉತ್ತರ. ಅದ್ರಲ್ಲಿ ಮೂರು ಸುಳ್ಳು." ಅದೂ ದಿನಕ್ಕೆ ನಾಲ್ಕೈದು ಬಂದರೆ ಹೆಚ್ಚು. ಉಳಿದದ್ದೆಲ್ಲ ಬಸ್‌ಸ್ಟ್ಯಾಂಡಿನ ಸ್ಪೈರಲ್ ಅಂಗಡಿಯ ಪಾಲು. ಮನೆ ನಡೆಯುತ್ತಿರುವುದು ಮಗಳು ರಮ್ಯಳಿಂದ. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಟಿಫನ್ ಬಾಕ್ಸ್ ಹಿಡಿದು ಹೊರಟವಳು ನನ್ನನ್ನು ನೋಡಿ, "ನಮ್ಮಮ್ಮನ್ನ ಪೇಪರಿಗೆ ಹಾಕ್ತಿರಾ? ಅದನ್ನಾದ್ರೂ ಯಾರು ಓದ್ತಾರೆ ಮೇಡಂ, ಫೋನಿಗೆ ಹಾಕಿ" ಎಂದು ಚಪ್ಪಲಿ ಮೆಟ್ಟುತ್ತಾಳೆ. ಕುಹಕವಿಲ್ಲ ಅವಳ ಮಾತಿನಲ್ಲಿ. ಇದ್ದದ್ದನ್ನು ಹೇಳಿದ್ದಾಳೆ.

ಚೀಲದಲ್ಲಿರುವ ಎರಡು ಪುಸ್ತಕಗಳ ಕಥೆ ಮಂಗಳಮ್ಮ ಮನೆಯಲ್ಲಿ ಹೇಳುವುದಿಲ್ಲ. ನನ್ನ ಜೊತೆ ತಿ. ನರಸೀಪುರದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು, ಊರು ದಾಟಿದ ಮೇಲೆ ಬಾಯಿ ಬಿಡುತ್ತಾರೆ.

ತಿ. ನರಸೀಪುರದ ಖಾಸಗಿ ವಾಚನಾಲಯವೊಂದು ಅವರ ಹಳೆಯ ಗಿರಾಕಿ. ಹೋದ ತಿಂಗಳು ಅಲ್ಲಿಂದ ಪುಸ್ತಕಗಳ ಮೂಟೆ ಬಂತು. ಹೊಲಿಯಲು ಬಂದದ್ದಲ್ಲ. ಯಾರೂ ಮುಟ್ಟದ ಪುಸ್ತಕಗಳು, ರಟ್ಟಿಗಾದರೂ ಆಗಲಿ ಎಂದು ಅಲ್ಲಿಯ ಮೇಲ್ವಿಚಾರಕ ಸೋಮಶೇಖರ್ ಬಸ್ಸಿಗೆ ಹಾಕಿಸಿದ್ದರು. ಹಳೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದರೆ ರಟ್ಟಾಗುತ್ತದೆ. ಆ ರಟ್ಟು ಗೈಡುಗಳಿಗೆ ಹೋಗುತ್ತದೆ. ಹರಿಯುವ ಮುಂಚೆ ಮಂಗಳಮ್ಮ ಒಂದೊಂದನ್ನೇ ಓದತೊಡಗಿದರು.

"ಒಂದು ಕಾದಂಬರಿ. ಕಾಂಪೌಂಡರ್ ಹೆಂಡ್ತಿ, ಗಂಡನ ಏಟು ತಡೀನಾರ್ದೆ ಟ್ರಂಕ್ ಹಿಡ್ಕಂಡು ಸ್ಟೇಷನ್ನಿಗೆ ಬಂದವ್ಳೆ. ರೈಲು ಬತ್ತಾ ಅದೆ. ಹತ್ತತಾಳೋ ಇಲ್ವೋ ಅಂತ ಪುಟ ತಿರುಗಿಸ್ತೀನಿ, 'ಹಸುವಿಗೆ ಹೊಟ್ಟೆ ಉಬ್ಬರಿಸಿದಾಗ ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಬೇಕು' ಅಂತದೆ! ಒಬ್ಳೇ ಕೂತು ನಕ್ಕುಬುಟ್ಟೆ ಕಣವ್ವ. ನಗ್ತಾ ನಗ್ತಾನೇ ತಿರುಗಿಸಿ ಹೊಲ್ಗೆ ನೋಡ್ದೆ."

ಹೊಲಿಗೆ ಬಸವಯ್ಯನವರದ್ದು. ಏಳೆಂಟು ವರ್ಷದ ಹಿಂದೆ, ಹೆಂಡತಿ ತವರಿಗೆ ಹೋಗಿದ್ದ ವಾರ, ಮಂಜಾಗುತ್ತಿದ್ದ ಕಣ್ಣಿನಲ್ಲಿ ಒಬ್ಬರೇ ಕಟ್ಟಿದ್ದು. ಕಾದಂಬರಿಯನ್ನೂ ದನ ಸಾಕಣೆಯ ಪುಸ್ತಕವನ್ನೂ ಒಟ್ಟಿಗೆ ಬಿಚ್ಚಿದ್ದಾರೆ. ಒಂದೇ ಅಳತೆ, ಒಂದೇ ಹಳದಿ ಕಾಗದ. ಎರಡರ ಏಳನೇ ಫಾರಂ ಅದಲುಬದಲಾಗಿದೆ. ಎರಡರಲ್ಲೂ ಏಳನೇ ಫಾರಂ ಎಂದರೆ ತೊಂಬತ್ತೇಳರಿಂದ ನೂರಹನ್ನೆರಡನೇ ಪುಟ. ಅಂಕಿ ನೋಡಿ ಜೋಡಿಸುವವನಿಗೆ ಎಲ್ಲ ಸರಿಯಾಗೇ ಕಂಡಿರುತ್ತದೆ. ಮಂಗಳಮ್ಮ ಮೂಟೆ ಕೆದಕಿದಾಗ ದನದ ಪುಸ್ತಕವೂ ಸಿಕ್ಕಿತು. ಅದರೊಳಗೆ ಆ ಹೆಂಗಸು ರೈಲು ಹತ್ತುತ್ತಿದ್ದಳು.

"ತಪ್ಪು ಯಾರ್ ಮಾಡಾಕಿಲ್ಲ? ಅದಕ್ಕಲ್ಲ ನನ್ ಸಂಕಟ. ಮೊದಲ್ನೇ ಹಾಳೆ ಮೇಲೆ ತಾರೀಕಿನ ಮುದ್ರೆ ಹೊಡ್ದವ್ರೆ. ಮನೆಗೆ ತಗಂಡ್ ಹೋದೋರು ಬೇಕಾದಷ್ಟು ಜನ ಅವ್ರೆ. ತೊಂಬತ್ತೇಳ್ನೇ ಪುಟಕ್ಕೆ ಬಂದೋರು ಒಬ್ರೂ ಇಲ್ಲ. ಹಸು ಉಬ್ಬರಿಸಿ ಬಿದ್ದಿರೋ ರೈತ ಪುಟ ತಿರುಗಿಸಿದ್ರೆ ಇವ್ಳು ರೈಲು ಹತ್ತತಾವ್ಳೆ. ಅವ್ನಾದ್ರೂ ಬಂದು ಉಗೀಬಾರ್ದಾಗಿತ್ತಾ?"

ಕಿಟಕಿಯ ಗಾಜು ಸರಿಸುತ್ತಾರೆ. ಗದ್ದೆಗಳು ಹಿಂದೆ ಸರಿಯುತ್ತವೆ.

"ಒಂದೂ ವಾಪಸ್ ಬಂದಿಲ್ಲ ಅಂತ ಇವ್ರು ಮಂಚದ ಮೇಲೆ ಕೂತು ಹೇಳ್ತಾರಲ್ಲ, ಅದೊಂದೇ ಅವ್ರಿಗೆ ಉಳ್ದಿರೋದು. ಚೆನ್ನಾಗಿ ಕಟ್ಟಿದ್ದಕ್ಕೆ ಬರ್ನಿಲ್ಲ ಅಂದ್ಕಂಡವ್ರೆ. ಓದ್ದೆ ಇದ್ದುದ್ಕೆ ಬರ್ನಿಲ್ಲ ಅಂತ ನಾ ಹೆಂಗೇಳ್ಲಿ?"

ಗೊತ್ತಾದ ಮೇಲೆ ಅವರು ಎರಡನ್ನೂ ಬಿಚ್ಚಿ, ಫಾರಂಗಳನ್ನು ಅದರದರ ಜಾಗಕ್ಕೆ ಹಾಕಿ, ಹೊಸದಾಗಿ ಹೊಲಿದು, ಹಳೆಯ ರಟ್ಟನ್ನೇ ತೊಡಿಸಿದ್ದಾರೆ. ಕೇಳಿದವರಿಲ್ಲ, ಕೂಲಿ ಕೊಡುವವರೂ ಇಲ್ಲ. ಅವೆರಡನ್ನೂ ಮತ್ತೆ ಕಪಾಟಿನಲ್ಲಿ ಇಡಿಸಬೇಕೆಂದೇ ಇವತ್ತಿನ ಪ್ರಯಾಣ.

ವಾಚನಾಲಯದ ಬಾಗಿಲಲ್ಲಿ ಕಪಾಟುಗಳು ಅಡ್ಡ ಮಲಗಿವೆ. ಒಳಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ. ಮುಂದಿನ ತಿಂಗಳಿಂದ ಅಲ್ಲಿ ಪರೀಕ್ಷೆಯ ಕೋಚಿಂಗ್ ನಡೆಯಲಿದೆ. ಸೋಮಶೇಖರ್ ತಲೆಗೆ ಟವೆಲ್ ಕಟ್ಟಿಕೊಂಡು ಧೂಳಿನ ನಡುವೆ ನಿಂತಿದ್ದಾರೆ.

"ಏನ್ ಮಂಗಳಮ್ಮೋರೆ, ರಟ್ಟು ಮಾಡಿ ಅಂದ್ರೆ ಪುಸ್ತಕ ಮಾಡ್ಕೊಂಡ್ ಬಂದಿದೀರಾ?"

"ಎರಡೇ ಸಾ. ಒಂದ್ಮೂಲೇಲಿ ಇಡಿ. ಈಗ ಸರಿಯಾಗಿ ಅವೆ."

"ಸರಿ ಇಲ್ಲ ಅಂತ ಯಾರಂದ್ರು ಈಗ?"

ಮಂಗಳಮ್ಮ ಪುಸ್ತಕಗಳನ್ನು ಮುಂದಕ್ಕೆ ಚಾಚುತ್ತಾರೆ. ಸೋಮಶೇಖರ್ ಕಾದಂಬರಿಯನ್ನು ತೆಗೆದುಕೊಂಡು, ತೆರೆಯದೆ, ಟವೆಲಿನಿಂದ ಒರೆಸಿ ಹಿಂದಕ್ಕೆ ಕೊಡುತ್ತಾರೆ. ಕೆಟ್ಟ ಮನುಷ್ಯರಲ್ಲ. "ಇಡಕ್ಕೆ ಮೂಲೆನೇ ಇಲ್ಲ ಕಣಮ್ಮ. ನನ್ನನ್ನೂ ಇಟ್ಕೊಳ್ಳಲ್ಲ ಅಂದವ್ರೆ. ಟೀ ಕುಡ್ಕೊಂಡ್ ಹೋಗಿ." ಮೂವರೂ ನಿಂತುಕೊಂಡೇ ಟೀ ಕುಡಿಯುತ್ತೇವೆ. ಸುಣ್ಣದ ವಾಸನೆ ಲೋಟಕ್ಕೂ ಹತ್ತಿದೆ.

ವಾಪಸ್ ಬರುವ ಬಸ್ಸಿನಲ್ಲಿ ಚೀಲ ಅವರ ಮಡಿಲಲ್ಲಿದೆ. ಮನೆಯಲ್ಲಿ ಅದನ್ನು ಅಕ್ಕಿಡ್ರಮ್ಮಿನ ಹಿಂದೆ ಇಡುವುದಾಗಿ ಹೇಳುತ್ತಾರೆ. ಗಂಡನ ಕೈಗೆ ಸಿಕ್ಕರೆ ತಾನು ಕಟ್ಟಿದ ರಟ್ಟೆಂದು ಈ ಸಲ ಖಂಡಿತ ಗುರುತು ಹಿಡಿಯುತ್ತಾರೆ. ಹಾಗೆ ಹಿಡಿದರೆ ಅದು ಅವರ ಬದುಕಿನಲ್ಲಿ ವಾಪಸ್ ಬಂದ ಮೊದಲ ಪುಸ್ತಕವಾಗುತ್ತದೆ. ಮೂಟೆಯ ಉಳಿದ ಪುಸ್ತಕಗಳನ್ನು ನಾಳೆಯಿಂದ ಹರಿಯಬೇಕು. ಗೈಡುಗಳು ಕಾಯುತ್ತಿವೆ.

ಇದನ್ನೆಲ್ಲ ಬರೆಯಲೇ, ಬೇಡವೇ ಎಂದು ನಾನು ಕೇಳುತ್ತೇನೆ.

"ಬರಿ. ಪೇಪರ್ ಓದಿ ಹೇಳೋಳು ನಾನೇ ತಾನೆ? ಆ ಭಾಗ ಬುಟ್ಟು ಓದ್ತೀನಿ."

"ಬೇರೆ ಯಾರಾದರೂ ಓದಿ ಅವರಿಗೆ ಹೇಳಿಬಿಟ್ಟರೆ?"

ಮಂಗಳಮ್ಮ ಚೀಲದ ಬಾಯಿಯನ್ನು ಕೈಗೆ ಸುತ್ತಿಕೊಳ್ಳುತ್ತಾರೆ. ಬಸ್ಸು ಕಪಿಲೆಯ ಸೇತುವೆ ಹತ್ತುತ್ತದೆ.

"ಹೇಳ್ಲಿ ಬುಡವ್ವ," ಎನ್ನುತ್ತಾರೆ ಆಮೇಲೆ. "ಕೊನೇಗಂಟ ಓದೋರು ಒಬ್ರು ಅವ್ರೆ ಅಂತಾದ್ರೂ ಗೊತ್ತಾಯ್ತದೆ."