ನೆಲೋಗಿಯಲ್ಲಿ ನ್ಯಾಯದ ಚಹಾ ಎಷ್ಟು ಮಾರಾಟವಾಯಿತು?

ನೋಡ್ರಪ್ಪ, ಇವತ್ತು ನಮ್ಮ ನೆಲೋಗಿ ಬಸ್ ಸ್ಟ್ಯಾಂಡಿನಲ್ಲಿ ಜಗತ್ತಿನ ಚಹಾ ವ್ಯಾಪಾರ ಇತ್ಯರ್ಥವಾಯಿತು. ಬೆಂಗಳೂರಿನ ಯಾವುದೋ ಸಂಸ್ಥೆಯವರೊಬ್ಬರು ನೀಲಮ್ಮಕ್ಕನ ಚಹಾದಂಗಡಿ ಗೋಡೆಗೆ ಚಾರ್ಟು ತೂಗುಹಾಕಿದರು. ಬೆಳೆದವರಿಗೆ ನ್ಯಾಯವಾದ ಬೆಲೆ ಕೊಟ್ಟು ತಂದ ಚಹಾ, ಕಾಫಿ ಯಾವ ದೇಶದಲ್ಲಿ ಎಷ್ಟು ಮಾರಾಟವಾಗುತ್ತದೆ ಎಂದು ವಿವರಿಸಿದರು. ಹಾಲೆಂಡಿನ ಗೆರೆ ಉದ್ದ, ಜಪಾನಿನದು ಗಿಡ್ಡ. ಭಾರತದ ಮುಂದೆ ಖಾಲಿ.

"ಭಾರತದ ಗೆರೆಯನ್ನು ಇವತ್ತೇ ಶುರು ಮಾಡೋಣ," ಎಂದು ತಾವು ಕುಡಿದ ಮೂರು ಕಪ್ಪಿಗೆ, ಅಂದರೆ ಮೂವತ್ತು ರೂಪಾಯಿಯ ಚಹಾಕ್ಕೆ, ನೂರರ ನೋಟು ಚಾಚಿದರು. "ತಗೊಳ್ಳಿ ಅಮ್ಮಾ, ನಿಮ್ಮ ನ್ಯಾಯವಾದ ಬೆಲೆ."

ನೀಲಮ್ಮಕ್ಕ ಕೆಟಲಿ ಕುಕ್ಕಿದಳು. "ಮದಲ್ನೇ ಸಲ ನಮ್ಮೂರಿಗೆ ಬಂದೀರಿ. ನಿಮ್ಮ ಕಡಿಂದ ರೊಕ್ಕ ತಗೊಂಡ್ರ ಅದs ಅನ್ಯಾಯ ಆಗ್ತದರಿ!"

ಅವರು ನೋಟನ್ನು ಮೇಜಿನ ಮೇಲಿಟ್ಟರು. ಆಕೆ ಅದನ್ನು ಅವರ ಜೇಬಿಗೇ ತುರುಕಿ, ನಾಲ್ಕನೇ ಕಪ್ಪು ಕೈಗಿತ್ತಳು.

"ಹಂಗಾದ್ರ ನಮ್ಮ ದೇಶದ ಮುಂದ ಏನ್ ಬರೀತೀರಿ, ಸರ?" ಎಂದೆ ನಾನು.

ಪಾಪ, ಕಪ್ಪು ಪೂರ್ತಿ ಖಾಲಿ ಮಾಡಿ, ಪೆನ್ನು ತೆಗೆದು ಬರೆದರು: ಸೊನ್ನೆ.

ಚಾರ್ಟಿನಲ್ಲಿ ಮಾರಿದ್ದಕ್ಕೆ ಜಾಗವಿದೆ. ಕುಡಿಸಿದ್ದಕ್ಕೆ ಇಲ್ಲ.